ಮಾವನ ಕಾರು, ನೇಪಾಳದ ಗೇಟು

ತನ್ನದಲ್ಲದ ವಸ್ತುವನ್ನು ದಿನಾ ಒರೆಸುತ್ತಾ ಬಂದರೆ ಮನುಷ್ಯನಿಗೆ ಅದು ತನ್ನದೇ ಎಂಬ ಭ್ರಮೆ ಬಂದುಬಿಡುತ್ತದೆ. ಬಾಡಿಗೆ ಮನೆಯವರು ಗೋಡೆಗೆ ಧೈರ್ಯವಾಗಿ ಮೊಳೆ ಹೊಡೆಯುವುದು ಈ ಭ್ರಮೆಯಿಂದಲೇ. ನನಗೆ ಅದು ಹಿಡಿದದ್ದು ಒಂದು ಬಿಳಿ ಕಾರಿನ ವಿಷಯದಲ್ಲಿ. ಈಗ ಬಿಟ್ಟಿದೆ. ಬಿಡುವಾಗ ನನ್ನ ಜೀವಮಾನದ ಒಂದೇ ಒಂದು ಆಸೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಆಸೆ ಏನು ಮಹಾ ದೊಡ್ಡದಲ್ಲ. ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು, ನಾನೇ ಕಾರು ಓಡಿಸಿ, ಒಂದು ದೇಶದ ಗೇಟು ದಾಟಿ ಇನ್ನೊಂದು ದೇಶಕ್ಕೆ ಹೋಗಬೇಕು, ಅಷ್ಟೆ. ಕನಕಪುರದಲ್ಲಿ ತಾಲ್ಲೂಕು ಕಚೇರಿಯ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ದುಬೈಗೆ, ಮಲೇಷ್ಯಾಕ್ಕೆ ಹೊರಟವರು ಪಾಸ್‌ಪೋರ್ಟು ಹಿಡಿದುಕೊಂಡು ನನ್ನಲ್ಲಿಗೇ ಬರುತ್ತಾರೆ. ಅದೆಷ್ಟು ಜನರ ವೀಸಾಗಳನ್ನು ಗಾಜಿನ ಮೇಲೆ ಬೋರಲು ಮಲಗಿಸಿದ್ದೇನೋ ಲೆಕ್ಕವಿಲ್ಲ. ನಾನು ಮಾತ್ರ ಈ ಜನ್ಮದಲ್ಲಿ ದಾಟಿದ ಅತಿ ದೊಡ್ಡ ಗಡಿ ಅತ್ತಿಬೆಲೆಯದು. ಹೊಸೂರಿನಲ್ಲಿ ಒಂದು ಮದುವೆ ಊಟ ಮಾಡಿ ಸಂಜೆಗೇ ವಾಪಸು ಬಂದಿದ್ದೆ. ಹೀಗಿರುವಾಗ ಒಬ್ಬ ಪುಣ್ಯಾತ್ಮ ಮೊಬೈಲಿನ ವಿಡಿಯೋದಲ್ಲಿ, ನೇಪಾಳಕ್ಕೆ ಪಾಸ್‌ಪೋರ್ಟು ಬೇಡ, ವೋಟರ್ ಐಡಿ ಸಾಕು, ನಿಮ್ಮ ಕಾರಿನಲ್ಲೇ ಹೋಗಿಬನ್ನಿ ಎಂದ. ಅಂದಿನಿಂದ ನನಗೆ ಊಟ ಸೇರಲಿಲ್ಲ. ಟೈರು ಬದಲಾಯಿಸಿದೆ. ಇನ್ಶೂರೆನ್ಸ್ ಕಟ್ಟಿದೆ. ಹೆಂಡತಿ ಸುಜಾತಳಿಗೆ ಸ್ವೆಟರ್ ತಂದೆ. ಅವಳು ಕನಕಪುರದ ಬೇಸಿಗೆಯಲ್ಲೇ ಅದನ್ನು ಹಾಕಿಕೊಂಡು ನೋಡಿ, "ಚುಚ್ತದೆ ಕಣ್ರೀ" ಎಂದಳು, ಆದರೆ ಬಿಚ್ಚಲಿಲ್ಲ.

ಆ ಪುಣ್ಯಾತ್ಮ ವಿಡಿಯೋದ ಕೊನೆಯಲ್ಲಿ ಇನ್ನೊಂದು ಮಾತು ಹೇಳಿದ್ದ. ಗಾಡಿಯ ಮಾಲೀಕರು ಜೊತೆಗಿಲ್ಲದಿದ್ದರೆ ಅವರ ಒಪ್ಪಿಗೆ ಪತ್ರ ತನ್ನಿ ಎಂದು. ಆರ್‌ಸಿ ತೆಗೆದು ನೋಡಿದೆ. ಅದರಲ್ಲಿ ನನ್ನ ಮಾವನವರ ಹೆಸರಿತ್ತು. ನನಗೆ ಗೊತ್ತಿಲ್ಲದ್ದೇನಲ್ಲ, ಮರೆತಿದ್ದೆ. ಉಯ್ಯಂಬಳ್ಳಿಯ ಕಡೆ ರೇಷ್ಮೆ ಬೆಳೆಯುವ ನಮ್ಮ ಮಾವ, ಗೂಡಿಗೆ ಒಳ್ಳೆ ರೇಟು ಸಿಕ್ಕಿದ ಒಂದು ವರ್ಷ ಕಾರು ಕೊಂಡುಬಿಟ್ಟಿದ್ದರು. ಆಗ ಮನೆಯಲ್ಲಿ ಯಾರಿಗೂ ಓಡಿಸಲು ಬರುತ್ತಿರಲಿಲ್ಲ. "ನಿಮ್ತಾವೇ ಇರ್ಲಿ ಅಳಿಯಂದ್ರೆ, ನಮ್ಗೆ ಬೇಕಾದಾಗ ಬಂದು ಕರ್ಕೊಂಡೋಗಿ" ಎಂದು ಕೀಲಿ ಕೊಟ್ಟರು. ಕೊಟ್ಟದ್ದು ಕೀಲಿ ಮಾತ್ರ ಎಂಬುದು ನನ್ನ ತಲೆಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಒಪ್ಪಿಗೆ ಪತ್ರ ಟೈಪು ಮಾಡಿಕೊಂಡು ಉಯ್ಯಂಬಳ್ಳಿಗೆ ಹೋದೆ. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬ್ಯಾರೆ ದೇಸ್ವಾ? ಅಲ್ಲಿ ಗಾಡಿ ಕೆಟ್ಟೋದ್ರೆ ಯಾರ ಕೇಳೀರಿ? ನಮ್ಮವ್ವ ಮಾರಮ್ಮ ಕಾಯಾದು ಊರ ಗಡಿಗಂಟ. ಒಂದ್ಮಾತು ಅವ್ಳನ್ನೇ ಕೇಳ್ಬುಡವ."

ಮನೆಮಂದಿಯೆಲ್ಲ ಮಾರಮ್ಮನ ಗುಡಿಗೆ ಹೋದೆವು. ಕೇಳುವುದೆಂದರೆ ಹೂ ಕೇಳುವುದು. ಪೂಜಾರಿ ದೇವಿಯ ಮೈಮೇಲೆ ಹೂ ಅಂಟಿಸುತ್ತಾನೆ. ನಾವು ಕೇಳಿದ ಮಾತಿಗೆ ಬಲಗಡೆಯ ಹೂ ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ನಮ್ಮ ಕಡೆ ಹೆಣ್ಣು ತರುವುದು, ಬೋರು ಕೊರೆಸುವುದು ಎಲ್ಲ ಹೀಗೇ ತೀರ್ಮಾನವಾಗುವುದು. ವಿದೇಶ ಪ್ರವಾಸಕ್ಕೆ ಇದೇ ಮೊದಲಿರಬೇಕು. ಮಾವ ಕೈಮುಗಿದು, "ತಾಯಿ, ಕಾರು ಗಡಿ ದಾಟಬೌದಾ?" ಎಂದರು. ಬಲಗಡೆ ಬಿತ್ತು. ನಾನು ಜೇಬಿನಿಂದ ಪೆನ್ನು ತೆಗೆದೆ. ಅಷ್ಟರಲ್ಲಿ ಅತ್ತೆ, "ಅಲ್ಲಿ ಪಶುಪತಿನಾಥ ಅವ್ನಂತೆ. ಗಾಡಿ ನಮ್ದೇಯ, ನಾವೂ ವೋಗಿ ಕೈಮುಗ್ದು ಬರವಾ ಅಂತ ಒಸಿ ಕೇಳಿ" ಎಂದರು. ಬಲಗಡೆ ಬಿತ್ತು. ಇರಲಿ, ಹಿಂದಿನ ಸೀಟು ಖಾಲಿ ಇದೆ ಎಂದುಕೊಂಡೆ. ಅಪ್ಪ ಅವ್ವ ಹೊರಡುವುದೆಂದಾದ ಮೇಲೆ ಬಾಮೈದ ಮಂಜ ತಾನೂ ಹೋಗಬಹುದೇ ಎಂದು ಕೇಳಿಸಿದ. ಅದೂ ಬಲಕ್ಕೇ. ತಾಯಿ ಆವತ್ತು ಧಾರಾಳವಾಗಿದ್ದಳು.

ಆಗ ಮಾವನಿಗೆ ಹುಳುಮನೆಯ ನೆನಪಾಯಿತು. ಮರಿ ಹುಳು ತಂದಾಗಿತ್ತು. ಅವಕ್ಕೆ ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಆ ಕೆಲಸ ಮಂಜನದು. ಈ ಬೆಳೆ ಮುಗಿದ ಮೇಲೆ ಹೋಗೋಣ ಎಂದೆ. ಮಂಜ, "ಆಮ್ಯಾಕೆ ಮಳೆ ಹಿಡ್ಕತದೆ, ಅಲ್ಲಿ ಗುಡ್ಡ ಜಾರ್ತದೆ ಅಂತ ನೀವೇ ವಿಡಿಯೋ ತೋರ್ಸಿದ್ರಲ್ಲ ಭಾವ?" ಎಂದ. ತೋರಿಸಿದ್ದೆ. ಮಾವ ಮತ್ತೆ ಕೈಮುಗಿದರು. "ತಾಯಿ, ಹುಳ ನೋಡ್ಕಳಕ್ಕೆ ನಮ್ಮ ಅಳಿಯಂದ್ರು..." ಅಷ್ಟೇ ಅಂದದ್ದು. ಮಾತು ಮುಗಿಯುವುದಕ್ಕೂ ಬಿಡದೆ ಬಲಗಡೆಯ ಹೂ ದೊಪ್ಪನೆ ಉದುರಿತು. ಪೂಜಾರಿ, "ಎಂಥಾ ಅಪ್ಪಣೆ!" ಎಂದು ಕೆನ್ನೆ ಬಡಿದುಕೊಂಡ.

ಕಾರು ಓಡಿಸುವವರು ಯಾರು ಎಂದು ಕೇಳಿದೆ. ಗೂಡಿನ ಗಾಡಿಯನ್ನು ರಾಮನಗರದ ಮಾರ್ಕೆಟ್ಟಿಗೆ ಹೊಡೆದು ಹೊಡೆದು ಮಂಜನ ಕೈ ಪಳಗಿದೆಯಂತೆ. ಸುಜಾತ ಆ ರಾತ್ರಿ, "ನೀವು ಬರ್ದಿದ್ರೆ ನಾನೂ ಹೋಗಲ್ಲ" ಎಂದಳು. ನಾನು ದೊಡ್ಡ ಮನಸ್ಸು ಮಾಡಿ, "ಛೇ, ನೀನು ಹೋಗಿ ಬಾ" ಎಂದೆ. ಇನ್ನೊಂದು ಸಲ ಹೇಳುತ್ತಾಳೆ, ಆಗ ಒಪ್ಪಿಬಿಡೋಣ ಎಂದು ಕಾದೆ. ಅವಳು ಸ್ವೆಟರ್ ಮಡಿಸುತ್ತಿದ್ದಳು. ನನಗೆ ಅಳು ಬಂತು; ಸುಳ್ಳೇಕೆ ಹೇಳಲಿ?

ಮುಂದಿನ ಸಿದ್ಧತೆಯನ್ನೆಲ್ಲ ಮಾಡಿದವನು ನಾನೇ. ಎಲ್ಲ ಕಾಗದಕ್ಕೂ ಜೆರಾಕ್ಸ್ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿದೆ. ಅತ್ತೆ ಮೂಟೆ ಕಟ್ಟಿದ್ದ ರಾಗಿ ಹಿಟ್ಟಿನ ವಿಷಯದಲ್ಲಿ, ಇದೇನು ಪುಡಿ ಎಂದು ಅಲ್ಲಿನವರು ಕೇಳಿದರೆ ಹೇಗೆ ಉತ್ತರ ಕೊಡಬೇಕೆಂದು ಮಂಜನಿಗೆ ಹಿಂದಿಯಲ್ಲಿ ಬಾಯಿಪಾಠ ಮಾಡಿಸಿದೆ. ಮಾವನ ಒಪ್ಪಿಗೆ ಪತ್ರ ಈಗ ಬೇಕಾಗಿರಲಿಲ್ಲ. ಮಾಲೀಕರು ಜೊತೆಯಲ್ಲೇ ಹೊರಟಿದ್ದರು, ಅದೂ ಮುಂದಿನ ಸೀಟಿನಲ್ಲಿ.

ಅಂಗಡಿಗೆ ಬೀಗ ಹಾಕಿ ಉಯ್ಯಂಬಳ್ಳಿ ಸೇರಿದೆ. ನನ್ನದು ಒಂದೇ ಕೋರಿಕೆ ಇತ್ತು. ಗೇಟು ದಾಟುವಾಗ ವಿಡಿಯೋ ಕಾಲ್ ಮಾಡಿ, ಇಲ್ಲಿಂದಲೇ ನೋಡುತ್ತೇನೆ ಎಂದಿದ್ದೆ. ಮಾತಿಗೆ ತಪ್ಪದೆ ಸುಜಾತ ಮಾಡಿದಳು. ಹುಳುಮನೆಯ ಬಾಗಿಲಲ್ಲಿ, ಮೈಯೆಲ್ಲ ಸೊಪ್ಪಿನ ವಾಸನೆ ಮಾಡಿಕೊಂಡು ನಿಂತು ನೋಡಿದೆ. ಲಾರಿಗಳ ಸಾಲು, ಸೈಕಲ್ ರಿಕ್ಷಾಗಳು, ಆಚೆಗೆ ದೊಡ್ಡದೊಂದು ಕಮಾನು. ಯಾರೋ ಹಿಂದಿಯಲ್ಲಿ ಗಾಡಿ ಯಾರದೆಂದು ಕೇಳಿದರು. ಮಾವ ಎದೆ ಮುಂದೆ ಮಾಡಿ ಅಚ್ಚ ಕನ್ನಡದಲ್ಲಿ "ನಂದೇಯ!" ಎಂದರು. ಕಾರು ಹೊರಟಿತು. "ರೀ, ಬಂತು ಕಣ್ರೀ, ನೋಡಿ, ಈಗ ದಾಟ್ತಾ..." ಎಂದಳು ಸುಜಾತ. ಕಮಾನು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಅಲ್ಲಿಗೆ ಚಿತ್ರ ನಿಂತುಹೋಯಿತು. ನಮ್ಮ ದೇಶದ ಸಿಮ್ ಅವರ ದೇಶದಲ್ಲಿ ಕೆಲಸ ಮಾಡುವುದಿಲ್ಲ, ಮೊದಲೇ ರೋಮಿಂಗ್ ಹಾಕಿಸಬೇಕಿತ್ತಂತೆ. ಇಷ್ಟೆಲ್ಲ ಸಿದ್ಧತೆ ಮಾಡಿದವನು ಅದೊಂದನ್ನು ಮರೆತಿದ್ದೆ.

ಅರ್ಧ ಕಮಾನನ್ನೇ ನೋಡುತ್ತಾ ಎಷ್ಟೋ ಹೊತ್ತು ನಿಂತಿದ್ದೆ. ಅದರಾಚೆ ದೇಶ ಹೇಗಿದೆಯೋ ನನಗೆ ಗೊತ್ತಿಲ್ಲ. ಬಂದಮೇಲೆ ಅವರು ಹೇಳುತ್ತಾರೆ, ನಾನು ಕೇಳಬೇಕು. ಒಳಗೆ ಹುಳುಗಳು ಸೊಪ್ಪೆಲ್ಲ ತಿಂದು ಮುಗಿಸಿ ತಲೆ ಎತ್ತಿ ಕಾಯುತ್ತಿದ್ದವು. ಈ ಭೂಮಿಯ ಮೇಲೆ ಆ ಗಳಿಗೆಯಲ್ಲಿ ನಾನು ಬರಲಿ ಎಂದು ಕಾಯುತ್ತಿದ್ದವು ಅವು ಮಾತ್ರ. ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ.