ತಲೆಗೆ ಬಿಸಿ ಎಣ್ಣೆ ನಿಷೇಧಿಸುವ ಬಗ್ಗೆ

ವಿಭಾಗೀಯ ಕಚೇರಿ, ಚಿಕ್ಕಮಗಳೂರು

ಸಂಖ್ಯೆ: ವಿಕಚಿ/ಸಿಬ್ಬಂದಿ/ತಲೆ/ಎಣ್ಣೆ/07/2025-26
ದಿನಾಂಕ: 24-12-2025

ಸುತ್ತೋಲೆ

ವಿಷಯ: ಇಲಾಖೆಯ ನೌಕರರು ಮತ್ತು ಅವರ ಕುಟುಂಬದವರು ಮನೆಯಲ್ಲಿ ಬಿಸಿ ಎಣ್ಣೆಯಿಂದ ಕೂದಲ ಆರೈಕೆ ಮಾಡಿಕೊಳ್ಳುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ:
1) ಕೇಂದ್ರ ಕಚೇರಿಯ ಕಾರಣ ಕೇಳುವ ನೋಟಿಸ್, ದಿನಾಂಕ 09-12-2025.
2) ಕಳಸ ಉಪಕಚೇರಿಯ ಪ್ರಥಮ ದರ್ಜೆ ಸಹಾಯಕಿ ಶ್ರೀಮತಿ ದೀಪಶ್ರೀ ಅವರ ವರದಿ, ದಿನಾಂಕ 15-12-2025.
3) ಸದರಿಯವರ ಅತ್ತೆ ಶ್ರೀಮತಿ ದ್ಯಾವಮ್ಮ ಅವರ ಮೌಖಿಕ ಹೇಳಿಕೆ, ಅದೇ ದಿನಾಂಕ. (ಸಹಿ ಹಾಕಲು ನಿರಾಕರಿಸಿರುತ್ತಾರೆ.)

ಪ್ರಸ್ತಾವನೆ:

ದಿನಾಂಕ 07-12-2025ರ ಭಾನುವಾರ ಬೆಳಿಗ್ಗೆ, ಕೆಳಗೆ ಸಹಿ ಮಾಡಿರುವ ವಿಭಾಗಾಧಿಕಾರಿಯವರು (ಇನ್ನು ಮುಂದೆ ‘ಸದರಿ ಅಧಿಕಾರಿ’) ಕಳಸ ಉಪಕಚೇರಿಯ ದಿಢೀರ್ ತಪಾಸಣೆಗೆ ತೆರಳಿದ್ದು, ಭಾನುವಾರವಾದ್ದರಿಂದ ಕಚೇರಿಗೆ ಬೀಗ ಹಾಕಿರುವುದು ತಪಾಸಣೆಯಿಂದ ಕಂಡುಬಂದಿರುತ್ತದೆ. ಅದೇ ಹೊತ್ತಿಗೆ ಕೇಂದ್ರ ಕಚೇರಿಯು ತುರ್ತು ವಿಡಿಯೊ ಸಭೆ ಕರೆದಿರುತ್ತದೆ. ಕಳಸದ ನಮ್ಮ ವಸತಿಗೃಹಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಶ್ರೀಮತಿ ದೀಪಶ್ರೀ ಅವರ ಮನೆ ಜಗಲಿಯ ಬಲಮೂಲೆಯಲ್ಲಿ ಮಾತ್ರ. ಆ ಮೂಲೆಯಲ್ಲಿ ಒಂದು ಮಣೆ ಇದ್ದು, ಸದರಿ ಅಧಿಕಾರಿಯವರು ಮೊಬೈಲನ್ನು ಕಿಟಕಿಗೆ ಒರಗಿಸಿ ಅದರ ಮೇಲೆ ಆಸೀನರಾಗಿರುತ್ತಾರೆ. ಅದು ಎಣ್ಣೆ ಮಣೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ.

ಸದರಿ ಜಗಲಿಯಲ್ಲಿ ಎಪ್ಪತ್ತೆಂಟು ವರ್ಷದ ದ್ಯಾವಮ್ಮನವರು ಪ್ರತಿ ಭಾನುವಾರ ವಸತಿಗೃಹದ ಎಂಟೂ ಮನೆಯವರ ತಲೆಗೆ ಸರದಿ ಪ್ರಕಾರ ಬಿಸಿ ಎಣ್ಣೆ ಹಾಕುವ ವಾಡಿಕೆ ಇದೆ. ಅವರಿಗೆ ಪೊರೆಯ ಆಪರೇಷನ್ ಒಂದೇ ಕಣ್ಣಿಗೆ ಆಗಿರುತ್ತದೆ. ಅವರು ಹಿಂದಿನಿಂದ ಬಂದು, ಹಿತ್ತಾಳೆ ಬಟ್ಟಲಿನ ಎಣ್ಣೆಯನ್ನು ಸದರಿ ಅಧಿಕಾರಿಯವರ ನೆತ್ತಿಗೆ ಸುರಿದು, ಹತ್ತೂ ಬೆರಳಿನಿಂದ ತಿಕ್ಕಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿರುತ್ತಾರೆ. ತಿಕ್ಕುವಾಗ ಒಂದೂ ಕೂದಲು ಕೈಗೆ ಸಿಗದಿದ್ದಾಗ್ಯೂ ಕೆಲಸ ನಿಲ್ಲಿಸಿರುವುದಿಲ್ಲ. ಈ ಬಗ್ಗೆ ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಿದೆ: “ಮಣೆ ಮೇಲೆ ಕೂತೋರ ತಲೆಗೆ ಎಣ್ಣೆ ಹಾಕದು ನನ್ ಕೆಲ್ಸ. ಯಾರ ತಲೆ ಅಂತ ನೋಡದು ನನ್ ಕೆಲ್ಸ ಅಲ್ಲ. ಕೂದ್ಲು ಇಲ್ದಿದ್ರೆ ಏನಾಯ್ತು? ಗಿಡ ಕಿತ್ತ ಜಾಗಕ್ಕೆ ನಾವು ಗೊಬ್ರ ಹಾಕಲ್ವ?”

ಸದರಿ ಅಧಿಕಾರಿಯವರು ಮೂರನೇ ನಿಮಿಷಕ್ಕೆ ನಿದ್ರೆಗೆ ಜಾರಿ, ಅರವತ್ತಮೂರು ಕಚೇರಿಗಳ ಸಮ್ಮುಖದಲ್ಲಿ, ಕ್ಯಾಮೆರಾ ಮತ್ತು ಮೈಕು ಎರಡೂ ಚಾಲ್ತಿಯಲ್ಲಿರುವಂತೆ, ನಲವತ್ತೊಂದು ನಿಮಿಷ ಗೊರಕೆ ಹೊಡೆದಿರುತ್ತಾರೆ. ಚಿಕ್ಕಮಗಳೂರು ವಿಭಾಗದ ಪ್ರಗತಿ ಹೇಗಿದೆ ಎಂಬ ಪ್ರಶ್ನೆಗೆ ಬಂದ ಗೊರಕೆಯನ್ನು ಸಭೆಯ ನಡಾವಳಿಯಲ್ಲಿ ‘ತೃಪ್ತಿಕರ’ ಎಂದು ದಾಖಲಿಸಲಾಗಿದೆ.

ಉಲ್ಲೇಖ (1)ರ ನೋಟಿಸಿನಲ್ಲಿ, ಪತ್ರ ತಲುಪಿದ ಏಳು ದಿನಗಳೊಳಗೆ ಬಿಸಿ ಎಣ್ಣೆಯ ಕೂದಲ ಆರೈಕೆಯನ್ನು ವಿಭಾಗದಾದ್ಯಂತ ನಿಷೇಧಿಸಿ ವರದಿ ಮಾಡಲು ಸೂಚಿಸಿ, ತಪ್ಪಿದಲ್ಲಿ ಸದರಿ ಅಧಿಕಾರಿಯವರನ್ನು ಜಿಲ್ಲೆಯಿಂದಲೇ ವರ್ಗಾಯಿಸಲಾಗುವುದೆಂದು ತಿಳಿಸಲಾಗಿದೆ. ಟಪಾಲು ದಿನಾಂಕ 17ರಂದು ತಲುಪಿದೆ. ಸುದ್ದಿ ಮಾತ್ರ ವಾಟ್ಸ್ಆ್ಯಪ್ ಮೂಲಕ 13ರಂದೇ ಕಳಸ ತಲುಪಿದ್ದು, ದ್ಯಾವಮ್ಮನವರು ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಉಪಕಚೇರಿಯ ಜವಾನ ಪುಟ್ಟಸ್ವಾಮಿಯವರ ಕೈಯಲ್ಲಿ ಅಟ್ಟದ ಮೇಲೆ ಬೋರಲು ಹಾಕಿಸಿರುತ್ತಾರೆ. ಸೊಸೆ ಕಾರಣ ಕೇಳಲಾಗಿ, “ಸರ್ಕಾರಕ್ಕೆ ಬ್ಯಾಡ ಅಂದ್ಮೇಲೆ ನಂಗ್ಯಾಕೆ ಮಾರಾಯ್ತಿ” ಎಂದಿರುತ್ತಾರೆ.

ಬಟ್ಟಲು ಅಟ್ಟ ಸೇರಿ ಎರಡು ಭಾನುವಾರಗಳಾಗಿವೆ. ಈ ಅವಧಿಯಲ್ಲಿ ವಸತಿಗೃಹದ ಎಂಟು ಮನೆಗಳಲ್ಲಿ ಯಾರೂ ಯಾರೊಂದಿಗೂ ನೆಟ್ಟಗೆ ಮಾತನಾಡಿಲ್ಲವೆಂದೂ, ಸದರಿ ಅಧಿಕಾರಿಯವರು ನೆಟ್ಟಗೆ ನಿದ್ರೆ ಮಾಡಿಲ್ಲವೆಂದೂ ವರದಿಯಾಗಿದೆ. ಎರಡನೆಯದನ್ನು ವರದಿ ಮಾಡಿದವರು ಸದರಿ ಅಧಿಕಾರಿಯವರೇ. ಆದುದರಿಂದ ನಿಷೇಧವೂ ಜಾರಿಯಾಗಬೇಕು, ಬಟ್ಟಲೂ ಕೆಳಗಿಳಿಯಬೇಕು ಎಂಬ ಎರಡೂ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಕಂಡಂತೆ ಆದೇಶಿಸಿದೆ.

ಆದೇಶ:

1. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ವ್ಯಾಪ್ತಿಯ ಎಲ್ಲ ನೌಕರರು ಮನೆಯಲ್ಲಿ ಬಿಸಿ ಎಣ್ಣೆಯಿಂದ ಕೂದಲ ಆರೈಕೆ ಮಾಡಿಕೊಳ್ಳುವುದನ್ನು ಈ ಮೂಲಕ ಸಂಪೂರ್ಣವಾಗಿ ನಿಷೇಧಿಸಲಾಗಿದೆ. ಕೇಂದ್ರ ಕಚೇರಿಗೆ ಹೋಗುವ ಪ್ರತಿಯಲ್ಲಿ ಈ ಕಂಡಿಕೆಯನ್ನು ದಪ್ಪಕ್ಷರದಲ್ಲಿಯೂ ಉಳಿದವುಗಳನ್ನು ಸಾಧ್ಯವಾದಷ್ಟು ಸಣ್ಣಕ್ಷರದಲ್ಲಿಯೂ ಮುದ್ರಿಸತಕ್ಕದ್ದು.

2. ‘ಬಿಸಿ’ ಎಂದರೆ ಮೊಣಕೈ ಚುರ್ ಎನ್ನುವಷ್ಟು ಬಿಸಿ ಎಂದು ಅರ್ಥೈಸತಕ್ಕದ್ದು. ಡಿಸೆಂಬರ್ ತಿಂಗಳಿನಲ್ಲಿ ಕಳಸದ ಕೊಬ್ಬರಿ ಎಣ್ಣೆಯು ಶೀಸೆಯೊಳಗೆ ಕಲ್ಲಾಗಿ ಕೂತು, ತಲೆಕೆಳಗು ಮಾಡಿದರೂ ಜಗ್ಗದಿರುವುದರಿಂದ, ಅದನ್ನು ಕರಗಿಸುವುದು ಶೀಸೆಯಿಂದ ಹೊರತೆಗೆಯುವ ಕ್ರಮವೇ ಹೊರತು ಬಿಸಿ ಮಾಡಿದಂತೆ ಆಗುವುದಿಲ್ಲ.

(ಅ) ಬಟ್ಟಲನ್ನು ನೇರವಾಗಿ ಒಲೆಯ ಮೇಲೆ ಇಡತಕ್ಕದ್ದಲ್ಲ. ಬಿಸಿನೀರಿನ ಪಾತ್ರೆಯೊಳಗೆ ಕೂರಿಸತಕ್ಕದ್ದು. ನಿಷೇಧಿತ ಕೆಲಸವನ್ನಾದರೂ ಸರಿಯಾದ ರೀತಿಯಲ್ಲಿ ಮಾಡುವುದು ನೌಕರರ ಕರ್ತವ್ಯವಾಗಿರುತ್ತದೆ.

(ಆ) 2014ರಲ್ಲಿ ಬೇಡಿಕೆ ಸಲ್ಲಿಸಿದ ಥರ್ಮಾಮೀಟರ್ ಈವರೆಗೆ ಸರಬರಾಜು ಆಗದ ಕಾರಣ, ಬಿಸಿಯನ್ನು ಸೇವಾ ಹಿರಿತನದಲ್ಲಿ ಅತಿ ಹಿರಿಯರಾದವರ ಮೊಣಕೈಯಿಂದ ಪರೀಕ್ಷಿಸತಕ್ಕದ್ದು. ಮೊಣಕೈಗಳ ಹಿರಿತನದ ಬಗ್ಗೆ ತಕರಾರು ಇದ್ದಲ್ಲಿ ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬಹುದು. ಅಷ್ಟರೊಳಗೆ ಎಣ್ಣೆ ಆರುವುದಕ್ಕೆ ಇಲಾಖೆ ಜವಾಬ್ದಾರಿಯಲ್ಲ.

3. ಎಣ್ಣೆಗೆ ಗರುಗದ ಸೊಪ್ಪು, ಒಂದೆಲಗ, ದಾಸವಾಳದ ಹೂ, ಕರಿಬೇವು ಮತ್ತು ಒಂದು ಚಮಚ ಮೆಂತ್ಯ ಹಾಕಿ ಕಾಯಿಸಿ ಸೋಸಿದಲ್ಲಿ, ಅದು ಎಣ್ಣೆಯೋ ಪಲ್ಯವೋ ಎಂಬ ಬಗ್ಗೆ ಕಾನೂನು ಅಭಿಪ್ರಾಯ ಕೋರಲಾಗಿದೆ. ಅಭಿಪ್ರಾಯ ಬರುವವರೆಗೆ ಪಲ್ಯವೆಂದೇ ಪರಿಗಣಿಸತಕ್ಕದ್ದು. ಪಲ್ಯಕ್ಕೆ ನಿಷೇಧ ಇರುವುದಿಲ್ಲ. ಈ ಕಂಡಿಕೆಯ ಕರಡನ್ನೇ ನೆಚ್ಚಿ ಮೂಡಿಗೆರೆ ಕಚೇರಿಯ ನೌಕರರೊಬ್ಬರು ಅನ್ನಕ್ಕೆ ಕಲಸಿಕೊಂಡು ಉಂಡಿದ್ದು, ಅವರ ರಜೆ ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುತ್ತಿದೆ.

4. ಎಣ್ಣೆ ಹಾಕಿದ ನಂತರ ಬಿಸಿ ಟವೆಲನ್ನು, ಹೊರನಾಡಿಗೆ ಹೋದ ಬಸ್ಸು ಕಳಸಕ್ಕೆ ವಾಪಸ್ಸು ಬರುವವರೆಗೆ ತಲೆಯ ಮೇಲೆ ಇಡುವ ಪದ್ಧತಿ ಇದೆ. ದಿನಾಂಕ 30-11-2025ರಂದು ಬಸ್ಸು ಪಂಕ್ಚರ್ ಆಗಿದ್ದರಿಂದ ಪುಟ್ಟಸ್ವಾಮಿಯವರು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆವರೆಗೆ ಟವೆಲ್ ಸುತ್ತಿಕೊಂಡೇ ಕೂತಿದ್ದು, ಮಧ್ಯೆ ಮೂರು ಬಾರಿ ರಸ್ತೆಗೆ ಹೋಗಿ ಬಗ್ಗಿ ನೋಡಿ ಬಂದಿರುತ್ತಾರೆ. ಸದರಿ ಅವಧಿಯನ್ನು ಕರ್ತವ್ಯದ ಅವಧಿ ಎಂದು ಪರಿಗಣಿಸಲಾಗಿದೆ. ಅವರ ಕೂದಲು ಈಗ ನುಣುಪಿಗೆ ಬಾಚಣಿಗೆಯಲ್ಲಿ ನಿಲ್ಲುತ್ತಿಲ್ಲ ಎಂಬುದನ್ನೂ ಗಮನಿಸಲಾಗಿದೆ.

5. ಟವೆಲಿನಿಂದ ಆವಿ ಏಳುತ್ತಿರುವಾಗ ನೌಕರರು ಪ್ರವಾಸಿ ಸ್ಥಳಗಳಲ್ಲಿ ನಿಲ್ಲತಕ್ಕದ್ದಲ್ಲ. ದೇವರಮನೆ ಗುಡ್ಡದಲ್ಲಿ ಹೀಗೆ ನಿಂತಿದ್ದ ನಮ್ಮ ಸಿಬ್ಬಂದಿಯೊಬ್ಬರನ್ನು ಕಂಡು, ಗುಡ್ಡದ ಮಂಜು ಇವರಿಂದಲೇ ಹೊರಡುವುದೆಂದು ತಿಳಿದ ಪ್ರವಾಸಿಗರು ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಿದ್ದು, ಇನ್ನೊಂದು ಸ್ವಲ್ಪ ಬಿಡಿ ಎಂದು ಒತ್ತಾಯಿಸಿರುವುದಾಗಿ ತಿಳಿದುಬಂದಿದೆ.

6. ಸೋಮವಾರ ಕಡತಗಳನ್ನು ಮುಟ್ಟುವ ಮುನ್ನ ತಲೆ ಕೆರೆದುಕೊಳ್ಳತಕ್ಕದ್ದಲ್ಲ. ಎಣ್ಣೆ ತಾಗಿದ ಹಾಳೆಯಲ್ಲಿ ಹಿಂದಿನ ಪುಟದ ಗೌಪ್ಯ ಟಿಪ್ಪಣಿ ಎದ್ದು ಕಾಣುತ್ತಿದ್ದು, ಇದನ್ನು ಆಡಳಿತದಲ್ಲಿನ ಪಾರದರ್ಶಕತೆ ಎಂದು ವಾರ್ಷಿಕ ವರದಿಯಲ್ಲಿ ತೋರಿಸಿರುವ ಕ್ರಮ ಸರಿಯಲ್ಲ.

7. ಇಲಾಖೆಯ ಜೀಪಿನಲ್ಲಿ ಸದರಿ ಅಧಿಕಾರಿಯವರು ದಿನಾಂಕ 07ರಂದು ವಾಪಸ್ಸಾಗುವಾಗ ತಲೆ ಒರಗಿಸಿದ ಜಾಗದಲ್ಲಿ ಮೂಡಿರುವ ಕಲೆಯು ಮೂಡಿಗೆರೆ ತಾಲ್ಲೂಕಿನ ನಕ್ಷೆಯನ್ನು ಹೋಲುತ್ತದೆ. ಇದನ್ನು ಗಡಿ ತಕರಾರುಗಳಿಗೆ ಆಧಾರವಾಗಿ ಬಳಸತಕ್ಕದ್ದಲ್ಲ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಳಸವು ಕಲೆಯಲ್ಲಿ ಇನ್ನೂ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ.

8. ಎಣ್ಣೆ ತೊಳೆಯಲು ಸೀಗೆಪುಡಿ ಮತ್ತು ದಾಸವಾಳದ ಸೊಪ್ಪಿನ ಲೋಳೆಯನ್ನು ಬಳಸತಕ್ಕದ್ದು. ಸೀಗೆ ಕಣ್ಣಿಗೆ ಬಿದ್ದಾಗ ಮೇಲಧಿಕಾರಿಗಳ ಹೆಸರು ಹಿಡಿದು ಕೂಗತಕ್ಕದ್ದಲ್ಲ.

9. ಕೂದಲಿಲ್ಲದ ನೌಕರರ ಬಗ್ಗೆ: ಕೇಂದ್ರ ಕಚೇರಿಯ ನೋಟಿಸ್ ಕೂದಲ ಆರೈಕೆಗೆ ಸಂಬಂಧಿಸಿದ್ದು, ಕೂದಲೇ ಇಲ್ಲದ ತಲೆಗೆ ನಿಷೇಧ ಅನ್ವಯಿಸುವುದಿಲ್ಲ. ಸೇವಾ ಪುಸ್ತಕ ಪರಿಶೀಲಿಸಲಾಗಿ, ಸದರಿ ಅಧಿಕಾರಿಯವರ ಕೂದಲು ಅವರ ಮೂವತ್ತನಾಲ್ಕನೇ ವಯಸ್ಸಿನಲ್ಲಿ ಪೂರ್ಣವಾಗಿ ಉದುರಿರುವುದು ಕಂಡುಬರುತ್ತದೆ. ಅಂದಿನಿಂದ ಹದಿನೆಂಟು ವರ್ಷ ಸದರಿ ತಲೆಯನ್ನು ಕ್ಷೌರಿಕರ ಹೊರತು ಯಾರೂ ಮುಟ್ಟಿದ ದಾಖಲೆ ಇರುವುದಿಲ್ಲ. ಕ್ಷೌರಿಕರೂ ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಹಬ್ಬದ ದಿನ ಮನೆಮಂದಿಗೆಲ್ಲ ಎಣ್ಣೆ ಹಚ್ಚುವಾಗ, ನಿಮಗೇನು ಬಿಡಿ ಎಂದು ಬಟ್ಟಲು ಅವರನ್ನು ದಾಟಿ ಮುಂದೆ ಹೋಗಿರುತ್ತದೆ. ದ್ಯಾವಮ್ಮನವರ ಬಟ್ಟಲು ದಾಟಿ ಹೋಗಲಿಲ್ಲ. ಸದರಿ ಅಧಿಕಾರಿಯವರಿಗೆ ಇದರಿಂದ ಬಹಳ ಸಂತೋಷವಾಗಿರುತ್ತದೆ. (ಈ ಕಂಡಿಕೆಯ ಕೊನೆಯ ಐದು ವಾಕ್ಯಗಳನ್ನು ಅಚ್ಚಿನಲ್ಲಿ ಕೈಬಿಡಲು ಸೂಚಿಸಲಾಗಿತ್ತು. ಬೆರಳಚ್ಚುಗಾರ್ತಿ ಕೈಬಿಟ್ಟಿರುವುದಿಲ್ಲ.)

10. ಕೂದಲಿರುವ ನೌಕರರಿಗೆ ಅನ್ಯಾಯವಾಗಬಾರದೆಂಬ ದೃಷ್ಟಿಯಿಂದ, ಕಳಸ ವಸತಿಗೃಹದ ಜಗಲಿಯ ಬಲಮೂಲೆಯನ್ನು ಈ ಮೂಲಕ ‘ಇಲಾಖಾ ಸಿಗ್ನಲ್ ಸ್ಥಳ’ ಎಂದು ಘೋಷಿಸಲಾಗಿದೆ. ಮಣೆಯ ಮೇಲೆ ಕೂತವರನ್ನು ಸಭೆಯಲ್ಲಿರುವರೆಂದು ಭಾವಿಸತಕ್ಕದ್ದು. ಆ ವೇಳೆ ಮೇಲಿನಿಂದ ತಲೆಗೆ ಏನಾದರೂ ಬಿದ್ದಲ್ಲಿ ಅದನ್ನು ಕೊಯ್ಲಿನ ಕಾಲದ ಅಕಾಲಿಕ ಮಳೆ ಎಂದು ಪರಿಗಣಿಸಿ ಮಳೆ ರಿಜಿಸ್ಟರಿನಲ್ಲಿ ನಮೂದಿಸತಕ್ಕದ್ದು. ಅಳತೆ: ತಲೆಗೆ ಒಂದು ಬಟ್ಟಲು. ಕಣದಲ್ಲಿ ಕಾಫಿ ಒಣಹಾಕಿರುವವರು ಈ ದಾಖಲೆ ನೋಡಿ ಗಾಬರಿಯಿಂದ ಟಾರ್ಪಾಲು ಹೊದಿಸುವ ಅಗತ್ಯವಿಲ್ಲ.

11. ಕಂಡಿಕೆ 1ನ್ನು ಉಲ್ಲಂಘಿಸಿದವರು ಕಂಡಿಕೆ 2ರಿಂದ 10ರವರೆಗೆ ಓದಿಕೊಳ್ಳತಕ್ಕದ್ದು. ಆನಂತರವೂ ಉಲ್ಲಂಘನೆ ಉಳಿದಿದ್ದಲ್ಲಿ, ಮುಂದಿನ ಭಾನುವಾರ ಸರದಿಯಲ್ಲಿ ಕೊನೆಗೆ ನಿಲ್ಲಿಸುವ ಶಿಕ್ಷೆ ವಿಧಿಸಲಾಗುವುದು. ಬಟ್ಟಲಿನ ತಳದ ಮೆಂತ್ಯ ಸಿಗುವುದು ಕೊನೆಯವರಿಗೇ ಆದ್ದರಿಂದ, ಶಿಕ್ಷೆಗಾಗಿ ಯಾರೂ ಮುಂಗಡ ಅರ್ಜಿ ಹಾಕತಕ್ಕದ್ದಲ್ಲ.

12. ಈ ಆದೇಶವು ಬಟ್ಟಲು ಅಟ್ಟದಿಂದ ಇಳಿದ ಕ್ಷಣದಿಂದ ಜಾರಿಗೆ ಬರುತ್ತದೆ. ಬಟ್ಟಲು ಇಳಿಯದಿದ್ದಲ್ಲಿ ನಿಷೇಧಿಸಲು ಏನೂ ಇಲ್ಲದ ಕಾರಣ ಆದೇಶವು ತಾನಾಗಿಯೇ ರದ್ದಾಗುವುದು ಮತ್ತು ಸದರಿ ಅಧಿಕಾರಿಯವರು ಎಲ್ಲಿಗೆ ಬೇಕಾದರೂ ವರ್ಗವಾಗಿ ಹೋಗಲು ಸಿದ್ಧರಿರುತ್ತಾರೆ.

ಸಹಿ/-
(ಪ್ರಸನ್ನಕುಮಾರ್)
ವಿಭಾಗಾಧಿಕಾರಿ, ಚಿಕ್ಕಮಗಳೂರು

ಪ್ರತಿಗಳು:

1. ಕೇಂದ್ರ ಕಚೇರಿಯ ಮುಖ್ಯಾಧಿಕಾರಿಯವರಿಗೆ, ಅವಗಾಹನೆಗಾಗಿ. ನೋಟಿಸಿನ ಅಂಚಿನಲ್ಲಿ ತಾವು ಪೆನ್ಸಿಲಿನಿಂದ ‘ಎಣ್ಣೆಗೆ ಏನೇನು ಹಾಕಿದ್ರು?’ ಎಂದು ಕೇಳಿರುವುದಕ್ಕೆ ಉತ್ತರ ಕಂಡಿಕೆ 3ರಲ್ಲಿದೆ. ಎಂಟು ಮನೆಗಳು ಮತ್ತು ಸದರಿ ಅಧಿಕಾರಿಯವರ ನಂತರ, ಸರದಿಯಲ್ಲಿ ಹತ್ತನೇ ಜಾಗ ಖಾಲಿ ಇರುತ್ತದೆ. ಟವೆಲನ್ನು ತಾವೇ ತರತಕ್ಕದ್ದು.

2. ಮೂಡಿಗೆರೆ ಮತ್ತು ಕಳಸ ಉಪಕಚೇರಿಗಳಿಗೆ, ಸೂಚನಾ ಫಲಕದಲ್ಲಿ ಯಾರಿಗೂ ಓದಲು ಎಟುಕದ ಎತ್ತರದಲ್ಲಿ ಅಂಟಿಸಲು.

3. ಹೊರನಾಡು ಬಸ್ಸಿನ ಚಾಲಕರಿಗೆ, ಸ್ಟೆಪ್ನಿ ಇಟ್ಟುಕೊಳ್ಳುವ ಕೋರಿಕೆಯೊಂದಿಗೆ.

4. ಶ್ರೀ ಪುಟ್ಟಸ್ವಾಮಿ, ಜವಾನರು, ಇವರಿಗೆ. ಏಣಿ ಎಲ್ಲಿದೆ ಎಂದು ತಿಳಿಸಲು.

5. ಕಚೇರಿ ಪ್ರತಿ.

6. ಶ್ರೀಮತಿ ದ್ಯಾವಮ್ಮನವರಿಗೆ, ಸೊಸೆಯವರು ಓದಿ ಹೇಳುವ ಮುಖಾಂತರ. ದಿನಾಂಕ 28-12-2025ರ ಭಾನುವಾರ ಬೆಳಿಗ್ಗೆ ಬಟ್ಟಲು ಕೆಳಗಿಳಿಸಲು ತಮ್ಮ ಒಪ್ಪಿಗೆ ಕೋರಿದೆ. ತಾವು ಹೂಂ ಎಂದರೆ ಸಾಕು, ಅಟ್ಟ ಹತ್ತಲು ಸದರಿ ಅಧಿಕಾರಿಯವರೇ ಖುದ್ದು ಬರುತ್ತಾರೆ. ಮೊಬೈಲನ್ನು ಚಿಕ್ಕಮಗಳೂರಿನಲ್ಲೇ ಬಿಟ್ಟು ಬರುತ್ತಾರೆ.