ಎರಡನೇ ಗೇರಿಗೆ ಇಳಿಯಲೊಲ್ಲದ ಕಾರು

ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ ಮನುಷ್ಯನಿಗೆ ಕಾರು ಯಾವ ಲೆಕ್ಕ? ಹಳೆಯ ಕಾರೊಂದನ್ನು ಕೊಂಡು ದುಂಡಸಿಯ ನಮ್ಮ ಅಂಗಳದಲ್ಲಿ ನಿಲ್ಲಿಸಿದ ದಿನ ಓಣಿಯವರಿಗೆಲ್ಲ ಇದನ್ನೇ ಹೇಳಿದ್ದೆ. ಕೇಳದವರಿಗೂ ಹೇಳಿದ್ದೆ!

ಅದರ ಮೊದಲ ದೂರದ ಪಯಣ ಚಿಕ್ಕೇರೂರಿಗೆ. ಅಲ್ಲಿ ನನ್ನ ಹೆಂಡತಿ ಗಿರಿಜೆಯ ತಂಗಿ ಶಾರದೆಯ ಕುಬಸ. ಚೊಚ್ಚಲ ಬಸುರಿ. ತಾಯಿ ಇಲ್ಲದ ಹುಡುಗಿಗೆ ತವರೆಂದರೆ ಅಕ್ಕನೇ. ಹಸಿರು ಸೀರೆ, ಹಸಿರು ಬಳೆ ಎಲ್ಲ ನಮ್ಮ ಕಾರಿನಲ್ಲಿದ್ದವು. ನಾವು ಹೋಗಿ ಉಡಿ ತುಂಬದ ಹೊರತು ಅಲ್ಲಿ ಆರತಿಯೂ ಇಲ್ಲ, ಊಟವೂ ಇಲ್ಲ. ಗಿರಿಜೆ ಮುಂದೆ ಕುಳಿತಳು, ಅವ್ವ ಹೋಳಿಗೆಯ ಬುಟ್ಟಿಯೊಂದಿಗೆ ಹಿಂದೆ.

ಊರು ದಾಟುವ ಮೊದಲೇ ಕಾರು ತನ್ನ ಸ್ವಭಾವ ತೋರಿಸಿತು. ಗೇರು ಮೇಲೇರುವಾಗ ಅಷ್ಟೇನೂ ತಕರಾರಿಲ್ಲ. ಮೂರರಿಂದ ಎರಡಕ್ಕೆ ಇಳಿಸಹೋದರೆ ಮಾತ್ರ ಕರ್ರ್ ಎಂದು ಹಲ್ಲು ಕಡಿದು, ಸ್ವಲ್ಪ ಯೋಚಿಸಿ, ಎಲ್ಲರನ್ನೂ ಒಮ್ಮೆ ಜಗ್ಗಿ ಇಳಿಯುತ್ತಿತ್ತು.

“ಏನ್ರಿ ಅದು ಸಪ್ಪಳ?” ಎಂದಳು ಗಿರಿಜೆ.

“ಗೇರ್‌ಬಾಕ್ಸಿನ ಎಣ್ಣಿ ತಣ್ಣಗೈತಿ. ಕಾದ್ರ ತಾನ ಸರಿ ಹೋಕ್ಕೈತಿ,” ಎಂದು ತೀರ್ಪಿತ್ತೆ.

ಎಣ್ಣೆ ಕಾಯಿತು, ಇಂಜಿನ್ ಕಾಯಿತು, ಗಿರಿಜೆಯ ತಲೆಯೂ ಕಾಯಿತು. ಸಪ್ಪಳ ಮಾತ್ರ ಹಾಗೇ ಇತ್ತು! ಭಾರ ಹೆಚ್ಚಾಗಿರಬೇಕೆಂದು ಒಂದು ಏರಿನ ಬುಡದಲ್ಲಿ ಅವಳನ್ನು ಇಳಿಸಿ ನಡೆಸಿದೆ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದವಳು ನನಗಿಂತ ಮೊದಲೇ ಮೇಲೆ ತಲುಪಿದಳು. ಕೊನೆಗೆ ಗೇರು ಇಳಿಸುವ ಗೊಡವೆಯೇ ಬೇಡವೆಂದು ಮೂರನೇ ಗೇರಿನಲ್ಲೇ ಹಂಪ್ ಹಾರಿಸಿದೆ. ಹಿಂದೆ ಅವ್ವ ಮತ್ತು ಬುಟ್ಟಿ ಒಟ್ಟಿಗೆ ಮೇಲೆದ್ದರು.

“ನನ್ನ ಜೀವಂತ ಮುಟ್ಟಸ್ತೀಯೋ ಇಲ್ಲೋ?” ಎಂದಳು ಅವ್ವ.

ಹಾನಗಲ್ ಪೇಟೆಯ ನಡುವೆ, ಸರಿಯಾಗಿ ಹಂಪಿನ ಮೇಲೆ, ಕಾರು ನಿಂತೇಬಿಟ್ಟಿತು. ಹಿಂದೆ ಬಸ್ಸಿನ ಹಾರ್ನ್. ಇಳಿದು ಬಾನೆಟ್ ಎತ್ತಿದೆ. ಏನೂ ತಿಳಿಯದಿದ್ದರೂ ಎಣ್ಣೆಯ ಕಡ್ಡಿ ಎಳೆದು, ನನ್ನ ಬಿಳಿ ಅಂಗಿಗೇ ಒರೆಸಿ, ಗಂಭೀರವಾಗಿ ತಲೆಯಾಡಿಸಿದೆ. “ಕ್ಲಚ್ ಪ್ಲೇಟ್ ಹೋಗೇತ್ರಿ,” ಎಂದರು ಚಹಾದಂಗಡಿಯಿಂದ ಎದ್ದು ಬಂದವರೊಬ್ಬರು. ನಾನು ಕೂಡಲೇ ಒಪ್ಪಿದೆ.

ಗಿರಿಜೆಯ ಫೋನು ಬಡಿದುಕೊಂಡಿತು. “ಅಕ್ಕಾ, ಎಲ್ಲಿದ್ದೀರಿ? ಎಲ್ಲಾರೂ ಕಾಯಾಕತ್ತಾರ,” ಎನ್ನುತ್ತಿದ್ದಳು ಶಾರದೆ. ಗಿರಿಜೆಯ ಕಣ್ಣು ತುಂಬಿತು. ಸೀರೆಯ ಚೀಲ ಎತ್ತಿಕೊಂಡು, “ನಾ ಬಸ್ಸಿಗೆ ಹೋಗ್ತೇನಿ,” ಎಂದು ಇಳಿದೇಬಿಟ್ಟಳು. ನನಗೆ ನಿಜಕ್ಕೂ ಸಂಕಟವಾಯಿತು.

ಅಷ್ಟರಲ್ಲಿ ಅವ್ವ ಹಿಂದಿನಿಂದ ಕೂಗಿದಳು: “ಲೇ, ನಿನ್ನ ಕಾಲ ಬುಡಕ ಹಾಸೀಯಲ್ಲ, ಆ ಕೌದಿ ಇತ್ತಾಗ ಕೊಡು. ಸೊಂಟ ನೋಯಾಕತ್ತೈತಿ.”

ಕೌದಿ! ಚಪ್ಪಲಿಯ ಹೊಲದ ಮಣ್ಣು ಕಾರಿಗೆ ತಾಗಬಾರದೆಂದು ಬೆಳಿಗ್ಗೆ ನಾನೇ ಹಳೆಯ ಸೀರೆಗಳಿಂದ ಹೊಲಿದ ಅವ್ವನ ದಪ್ಪ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಪೆಡಲುಗಳ ಕೆಳಗೆ ಹಾಸಿದ್ದೆ. ಕ್ಲಚ್ಚು ಅರ್ಧ ದಾರಿಯಲ್ಲೇ ಮೆತ್ತಗೆ ನಿಂತುಬಿಡುತ್ತಿತ್ತು. ಪೂರ್ತಿ ಒತ್ತದಿದ್ದರೆ ಗೇರು ಇಳಿಯುವುದಾದರೂ ಹೇಗೆ? ಕೌದಿ ಎಳೆದು ಹಿಂದೆ ಕೊಟ್ಟು ಕ್ಲಚ್ ಒತ್ತಿದೆ. ಗೇರು ಸದ್ದಿಲ್ಲದೆ ಬಿತ್ತು! ಗಿರಿಜೆ ಮರಳಿ ಬಂದು ಕುಳಿತು, ಒಮ್ಮೆ ಕೌದಿಯನ್ನು, ಒಮ್ಮೆ ನನ್ನನ್ನು ನೋಡಿದಳು. ಚಿಕ್ಕೇರೂರಿನವರೆಗೂ ಕಾರು ಒಮ್ಮೆಯೂ ಹಲ್ಲು ಕಡಿಯಲಿಲ್ಲ.

ಶಾರದೆ ಬಾಗಿಲಲ್ಲೇ ನಿಂತಿದ್ದಳು. ಅಕ್ಕ ಬರುವ ತನಕ ಯಾರೂ ಉಡಿ ತುಂಬಕೂಡದೆಂದು ಹಟ ಹಿಡಿದಿದ್ದಳಂತೆ. ಅಕ್ಕತಂಗಿಯರು ಅಪ್ಪಿಕೊಂಡು ಅತ್ತರು.

“ಯಾಕ ಇಷ್ಟ ತಡಾತಕ್ಕ?”

ನನ್ನ ಮಾನ ಹೋಯಿತೆಂದುಕೊಂಡೆ.

“ಗಾಡಿ ಕೆಟ್ಟಿತ್ತು. ನಿಮ್ಮ ಭಾವಾರೇ ರಿಪೇರಿ ಮಾಡಿದ್ರು,” ಎಂದಳು ಗಿರಿಜೆ.

ಎಂಥ ಹೆಂಡತಿ! ನಾನು ಎದೆಯುಬ್ಬಿಸಿದೆ. ಅದನ್ನು ಕೇಳಿಸಿಕೊಂಡ ಶಾರದೆಯ ಅತ್ತೆಮನೆಯ ಹಿರಿಯರೊಬ್ಬರು ನನ್ನ ಕೈ ಹಿಡಿದರು.

“ಹಂಗಾರ ನಮ್ಮ ಗಾಡೀನೂ ಒಂಚೂರು ನೋಡ್ರಿ. ಅದೂ ಗೇರ್ ಇಳಿಯವಲ್ದು.”

ಒಳಗೆ ಆರತಿಯ ಹಾಡು ಶುರುವಾಯಿತು. ಹೊರಗೆ ನಾನು ಬೀಗರೆಲ್ಲರ ಎದುರು ಅವರ ಕಾರಿನ ಬಾಗಿಲು ತೆರೆದು, ಬಗ್ಗಿ, ಪೆಡಲುಗಳ ಕೆಳಗೆ ನೋಡಿದೆ. ಕೌದಿ ಇರಲಿಲ್ಲ. ನನಗೆ ಬರುವ ವಿದ್ಯೆ ಅಲ್ಲಿಗೆ ಮುಗಿಯಿತು!