ಆರಾಧನೆಗೆ ಬಾರದ ಸ್ವಭಾವ

ನಮ್ಮ ಚರ್ಚಿನ ಆರಾಧನೆಗೆ ಯಾರು ಬರುತ್ತಾರೆ ಎಂಬುದನ್ನು ಬಂದವರನ್ನು ನೋಡಿ ತೀರ್ಮಾನಿಸುವ ಹಳೆಯ ಪದ್ಧತಿಯನ್ನು ಆಡಳಿತ ಸಮಿತಿಯು ಸರ್ವಾನುಮತದಿಂದ ರದ್ದುಪಡಿಸಿದೆ. ಇದನ್ನು ಸಮಸ್ತರ ಗಮನಕ್ಕೆ ತರಲಾಗಿದೆ.

ಕಾರಣ ಸರಳ. ಚಾವಣಿ ಹೊಸದಾಗಿ ಹಾಕಿಸಿಕೊಡಲು ಮುಂದಾದ ಕಟ್ಟಡದ ಗುತ್ತಿಗೆದಾರರು ಸಮಿತಿಯ ಅಧ್ಯಕ್ಷರಾಗಲು ದೊಡ್ಡ ಮನಸ್ಸಿನಿಂದ ಒಪ್ಪಿದ್ದರು. ಅಧ್ಯಕ್ಷರಾಗುವವರು ತಪ್ಪದೆ ಆರಾಧನೆಗೆ ಬರುವವರಾಗಿರಬೇಕೆಂಬ ಹಾಳು ನಿಯಮವೊಂದಿತ್ತು. ಅವರೋ ಭಾನುವಾರ ಬಂತೆಂದರೆ ಗಾಳ ಹಿಡಿದು ಕೆರೆಗೆ ಹೋಗುವವರು. ಮೀನು ಸಿಗುತ್ತಿರಲಿಲ್ಲ, ಅದು ಬೇರೆ ಮಾತು. ನಿಯಮ ಮುರಿಯುವಷ್ಟು ಕೆಟ್ಟವರು ನಾವಲ್ಲ. ಆದ್ದರಿಂದ ಬರುವವರು ಎಂದರೆ ಯಾರು ಎಂಬುದನ್ನು ಅಧ್ಯಯನ ಮಾಡಿಸಿದೆವು. ಮಾಡಿದವರು ಒಬ್ಬ ವ್ಯಕ್ತಿತ್ವ ತಜ್ಞರು, ಗುತ್ತಿಗೆದಾರರ ಬಾಮೈದ.

ತಜ್ಞರು ಮನೆಮನೆಗೂ ಹೋಗಿ ಪ್ರಶ್ನೆ ಕೇಳಿದರು. ತಲೆಯಾಡಿಸುವುದು ಇಷ್ಟವೋ, ಎದುರು ಮಾತಾಡುವುದು ಇಷ್ಟವೋ? ಗುತ್ತಿಗೆದಾರರು ಕೆರೆಯಲ್ಲಿದ್ದುದರಿಂದ ಅವರ ಪರವಾಗಿ ಹೆಂಡತಿ ಉತ್ತರಿಸಿದರು: "ಅವರಾ? ಮನೇಲಿ ಬಾಯೇ ಬಿಡಲ್ಲ. ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಾರೆ." ಶಾಂತ, ವಿಧೇಯ ಸ್ವಭಾವದವರು ಆರಾಧನೆಗೆ ಬರುತ್ತಾರೆ, ನಗುವ ಮತ್ತು ವಾದಿಸುವ ಸ್ವಭಾವದವರು ಬರುವುದಿಲ್ಲ ಎಂದು ವರದಿ ಸಾಬೀತುಪಡಿಸಿತು. ಅಂದಿನಿಂದ ಗುತ್ತಿಗೆದಾರರು ಪ್ರತಿ ಭಾನುವಾರ ಕೆರೆಯ ದಂಡೆಯಿಂದಲೇ ಆರಾಧನೆಯಲ್ಲಿ ಹಾಜರಿರುತ್ತಾರೆ.

ತೊಂದರೆ ಕೊಟ್ಟವಳು ಒಬ್ಬಳೇ, ಹೊಲಿಗೆಯಮ್ಮ. ಗಂಡ ಸತ್ತ ಮೇಲೆ ಹೊಲಿಗೆ ಯಂತ್ರ ತುಳಿದು ಮಗಳನ್ನು ಸಾಕಿದಾಕೆ. ಯಾವ ಭಾನುವಾರವೂ ತಪ್ಪಿಸದೆ ಬೆಂಚಿನ ತುದಿಯಲ್ಲಿ ಕೂರುವುದು, ಎಲ್ಲರಿಗಿಂತ ಜೋರಾಗಿ ಹಾಡುವುದು, ಉಪದೇಶ ಮುಗಿಸಿದ ಸಭಾಪಾಲಕರನ್ನು ಬಾಗಿಲಲ್ಲೇ ತಡೆದು, "ಅಯ್ಯನವರೇ, ಹೋದ ವಾರ ಇದಕ್ಕೆ ಉಲ್ಟಾ ಹೇಳಿದ್ರಲ್ಲ" ಎಂದು ನಗುವುದು ಆಕೆಯ ರೂಢಿ. ಇಂಥವರು ಆರಾಧನೆಗೆ ಬರುವುದಿಲ್ಲ. ಮಗಳ ಮದುವೆಗೆ ದಿನ ಕೇಳಲು ಬಂದಾಗ ಸಮಿತಿಯ ಕಾರ್ಯದರ್ಶಿಗಳು ಇದನ್ನೇ ತಿಳಿಸಿದರು. ಬಾರದವರ ಮಕ್ಕಳಿಗೆ ಇಲ್ಲಿ ಮದುವೆ ಇಲ್ಲ; ಇಲ್ಲಿ ಆಗದಿದ್ದರೆ ಸಂಬಂಧವೇ ಬೇಡ ಎಂದು ಹುಡುಗನ ಮನೆಯವರು ಹೇಳಿಬಿಟ್ಟಿದ್ದರು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕಪ್ಪ? ಹೋದ ಭಾನುವಾರ ನಿನ್ನ ಹಿಂದೇನೇ ಕೂತಿದ್ದೆ," ಎಂದಳು.

"ಕೂತಿದ್ರಿ ಅಮ್ಮ, ನಾನೇ ನೋಡಿದೆ. ನನ್ನ ಕಾಲರು ಹರಿದಿದೆ ಅಂತಲೂ ಹೇಳಿದ್ರಿ. ಆದ್ರೆ ನೀವು ಬರೋ ಪೈಕಿ ಅಲ್ಲ."

"ಹಾಗಾದ್ರೆ ಕೂತಿದ್ದವಳು ಯಾರು?"

"ನೋಡಿ, ಇದೇ. ಬರೋರು ಯಾರೂ ಇಂಥ ಪ್ರಶ್ನೆ ಕೇಳಲ್ಲ."

ಆಕೆ ಸಭಾಪಾಲಕರ ಬಳಿ ಹೋದಳು. ಅವರು ಸೋರುವ ಚಾವಣಿಯತ್ತ ನೋಡಿ, ಸತ್ಯ ದೊಡ್ಡದು, ಮಳೆಗಾಲವೂ ಹತ್ತಿರ ಬಂತು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು.

ಕೊನೆಗೆ ಸಮಿತಿಯೇ ಕರುಣೆ ತೋರಿತು. ವಧುವಿನ ಹಿರಿಯರ ಸ್ಥಾನದಲ್ಲಿ, ಬರುವ ಸ್ವಭಾವದವರಾದ ಗುತ್ತಿಗೆದಾರರು ನಿಲ್ಲಬಹುದು. ತಾಯಿ ಮದುವೆಗೆ ಬರುವುದಿಲ್ಲವೆಂದು ತಾಯಿಯೇ ಒಪ್ಪಿದರೆ ಸಾಕು. ಹೊಲಿಗೆಯಮ್ಮ ತಲೆಯಾಡಿಸಿದಳು. ತಲೆಯಾಡಿಸುವುದು ಬರುವವರ ಲಕ್ಷಣವಲ್ಲವೇ ಎಂದು ಸದಸ್ಯರೊಬ್ಬರು ಎದ್ದರು. ವರದಿ ಬಂದಾಗಿದೆ ಎಂದು ಕಾರ್ಯದರ್ಶಿಗಳು ಅವರನ್ನು ಕೂರಿಸಿದರು.

ಮದುವೆ ಚೆನ್ನಾಗಿಯೇ ನಡೆಯಿತು. ಗುತ್ತಿಗೆದಾರರು ಆಗಮಿಸಿದ್ದಕ್ಕಾಗಿ ಸಭಾಪಾಲಕರು ಮುಂದಿನ ಸಾಲಿನ ಖಾಲಿ ಕುರ್ಚಿಗೆ ಕೃತಜ್ಞತೆ ಸಲ್ಲಿಸಿದರು, ತಾಯಿ ಬಾರದಿದ್ದಕ್ಕೆ ವಿಷಾದಿಸಿದರು. ಹೊರಗೆ ಮೆಟ್ಟಿಲ ಬಳಿ, ತಾನೇ ಹೊಲಿದ ಮಗಳ ಮದುವೆಯ ಉಡುಪಿನ ಅಂಚು ಬಿಚ್ಚಿಕೊಂಡಿದ್ದನ್ನು ಕಂಡು ಹೊಲಿಗೆಯಮ್ಮ ಬಗ್ಗಿ ಸೂಜಿ ಹಾಕುತ್ತಿದ್ದಳು. ಫೋಟೋ ತೆಗೆಯುವವನು ಕರೆದ.

"ಅಕ್ಕ, ಸ್ವಲ್ಪ ಆ ಕಡೆ ಸರ್ಕೊಳ್ಳಿ. ಅದು ಹುಡುಗಿ ತಾಯಿ ಜಾಗ. ಅವರು ಬಂದಿಲ್ವಂತೆ, ಖಾಲಿ ಬಿಡಬೇಕಂತೆ."

ಮಗಳು ಕೈ ಹಿಡಿದಳು. ಬಿಡಿಸಿಕೊಂಡು ಹೊಲಿಗೆಯಮ್ಮ ಆಚೆ ಸರಿದಳು. ದಾರವನ್ನು ಹಲ್ಲಿನಿಂದ ಕಡಿದು, ಪಕ್ಕದಲ್ಲಿದ್ದ ಬೀಗಿತ್ತಿಗೆ ಹೇಳಿದಳು:

"ಹೆತ್ತ ಮಗಳ ಮದುವೆಗೂ ಬರಲಿಲ್ಲ ನೋಡಿ. ಎಂಥಾ ತಾಯಿ ಇರಬೇಕು."

ಬೀಗಿತ್ತಿ ಹೌದೆಂದು ತಲೆಯಾಡಿಸಿದರು. ನಾವೆಲ್ಲರೂ ತಲೆಯಾಡಿಸಿದೆವು.